ಗಾಡಿ ನಿಲ್ಲುವ ಜಾಗದಿಂದ: ನಗರದ ಸರಕು ಸಾಗಣೆ, ಸಂಚಾರ ಮತ್ತು ಡಿಜಿಟಲ್ ಸಾಧನಗಳು

ಸಭಿಕರೇ,

ಒಂದು ಡೆಲಿವರಿ ವ್ಯಾನನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಗ್ಗೆ ಗೋದಾಮಿನಿಂದ ಹೊರಟಾಗ ಅದರಲ್ಲಿ ನೂರಕ್ಕೂ ಹೆಚ್ಚು ಪಾರ್ಸೆಲ್‌ಗಳಿದ್ದವು. ಯಾವ ಮನೆಗೆ ಮೊದಲು ಹೋಗಬೇಕು, ಯಾವುದಕ್ಕೆ ಆಮೇಲೆ ಎಂಬುದನ್ನು ಚಾಲಕನ ಕೈಯಲ್ಲಿರುವ ಫೋನು ಹೇಳುತ್ತಿದೆ. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ತಲುಪಬಹುದೆಂದು ಪಾರ್ಸೆಲ್ ಪಡೆಯುವವರಿಗೂ ಅದೇ ತಂತ್ರಾಂಶ ತಿಳಿಸುತ್ತಿದೆ. ಇಷ್ಟೆಲ್ಲ ಲೆಕ್ಕಾಚಾರದ ನಂತರ ವ್ಯಾನು ಸರಿಯಾದ ಬೀದಿಗೆ, ಸರಿಯಾದ ಹೊತ್ತಿಗೆ ಬಂದು ಸೇರುತ್ತದೆ. ಆದರೆ ಅಲ್ಲಿ ನಿಲ್ಲಿಸಲು ಜಾಗವಿಲ್ಲ. ರಸ್ತೆಯ ಎರಡೂ ಬದಿಯಲ್ಲಿ ಬೆಳಗಿನಿಂದ ಅಲುಗಾಡದ ಕಾರುಗಳು ನಿಂತಿವೆ. ಚಾಲಕ ಒಂದು ಸುತ್ತು ಹಾಕುತ್ತಾನೆ, ಎರಡನೆಯ ಸುತ್ತು ಹಾಕುತ್ತಾನೆ, ಕೊನೆಗೆ ಬೇರೆ ದಾರಿ ಕಾಣದೆ ನಿಂತ ಕಾರುಗಳ ಪಕ್ಕದಲ್ಲೇ, ನಡುರಸ್ತೆಗೆ ಚಾಚಿಕೊಂಡಂತೆ ವ್ಯಾನು ನಿಲ್ಲಿಸಿ, ಪಾರ್ಸೆಲ್ ಎತ್ತಿಕೊಂಡು ಓಡುತ್ತಾನೆ. ಹಿಂದೆ ಬಂದ ಬಸ್ಸು ನಿಲ್ಲುತ್ತದೆ. ಬಸ್ಸಿನ ಹಿಂದೆ ಇಡೀ ಸಾಲು ನಿಲ್ಲುತ್ತದೆ.

ನಗರ ಸಾಗಣೆಯ ಬಗ್ಗೆ ಚರ್ಚಿಸುವಾಗ ನಾವು ಓಡುವ ವಾಹನವನ್ನೇ ನೋಡುತ್ತೇವೆ, ನಿಂತ ವಾಹನವನ್ನು ನೋಡುವುದಿಲ್ಲ. ಡಿಜಿಟಲ್ ಸಾಧನಗಳೂ ಇದೇ ದೃಷ್ಟಿಯನ್ನು ಇಟ್ಟುಕೊಂಡೇ ಬೆಳೆದಿವೆ: ಮಾರ್ಗ ಯಾವುದು, ವೇಗ ಎಷ್ಟು, ತಲುಪುವುದು ಯಾವಾಗ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು, ಯಾರಿಗೆ ಮೊದಲ ಹಕ್ಕು ಎಂಬ ಪ್ರಶ್ನೆಗಳಿಗೆ ಕಂಪನಿಯ ತಂತ್ರಾಂಶ ಉತ್ತರ ಕೊಡಲಾರದು, ಏಕೆಂದರೆ ರಸ್ತೆಯಂಚು ಕಂಪನಿಯ ಸ್ವತ್ತಲ್ಲ, ಊರಿನ ಸ್ವತ್ತು. ನಗರಾಡಳಿತವು ತನ್ನ ರಸ್ತೆಯ ಬಗ್ಗೆ ಒಂದು ನಿಯಮ ಮಾಡಿ ಅದನ್ನು ಸಾಧನದ ಜೊತೆ ಜೋಡಿಸುವವರೆಗೂ, ಎಷ್ಟೇ ಜಾಣ ತಂತ್ರಾಂಶವಾದರೂ ನಗರದ ಹೊಗೆಯನ್ನಾಗಲಿ ದಟ್ಟಣೆಯನ್ನಾಗಲಿ ಹೆಚ್ಚು ಇಳಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದ ದಾರಿಯನ್ನು ಈ ಉಪನ್ಯಾಸದಲ್ಲಿ ನಿಮ್ಮ ಮುಂದಿಡುತ್ತೇನೆ.

ಮೊದಲು ಸಾಧನಗಳಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಒಬ್ಬ ಚಾಲಕ 10 ಮನೆಗಳಿಗೆ ಹೋಗಬೇಕಾದರೆ ಆ ಮನೆಗಳನ್ನು ಸಾಲಾಗಿ ಜೋಡಿಸುವ ರೀತಿಗಳು 36,28,800. ಮನೆಗಳು 20 ಆದರೆ ಆ ಸಂಖ್ಯೆ 19 ಅಂಕಿಗಳಷ್ಟು ಉದ್ದವಾಗುತ್ತದೆ. ಮನೆಗಳು ನೂರಾದರೆ ಎಲ್ಲ ರೀತಿಗಳನ್ನೂ ಒಂದೊಂದಾಗಿ ಪರೀಕ್ಷಿಸಿ ಅತ್ಯುತ್ತಮವಾದುದನ್ನು ಆರಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಹಾಗಾಗಿ ಗಣಿತಜ್ಞರು ಸಾಕಷ್ಟು ಒಳ್ಳೆಯ ಉತ್ತರವನ್ನು ಬೇಗ ಹುಡುಕುವ ಉಪಾಯಗಳನ್ನು ಕಂಡುಕೊಂಡರು. 1959ರಲ್ಲಿ ಜಾರ್ಜ್ ಡಾಂಟ್ಸಿಗ್ ಮತ್ತು ಜಾನ್ ರಾಮ್ಸರ್ ಈ ಸಮಸ್ಯೆಗೆ ಗಣಿತದ ರೂಪ ಕೊಟ್ಟಾಗ ಅವರ ಮುಂದಿದ್ದ ಉದಾಹರಣೆ, ಒಂದು ಸಂಗ್ರಹಾಗಾರದಿಂದ ಹಲವು ಬಂಕ್‌ಗಳಿಗೆ ಪೆಟ್ರೋಲ್ ಒಯ್ಯುವ ಲಾರಿಗಳದು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬಿಬ್ಬರು ಎರಡು ಟ್ರಿಪ್‌ಗಳನ್ನು ಒಂದಾಗಿಸಿದರೆ ಎಷ್ಟು ಓಟ ಉಳಿತಾಯವಾಗುತ್ತದೆ ಎಂದು ಲೆಕ್ಕ ಹಾಕುತ್ತಾ ಹೋಗುವ ಸರಳ ವಿಧಾನವನ್ನು ಕೊಟ್ಟರು. ಕಾಗದದ ಮೇಲೆಯೂ ಮಾಡಬಹುದಾದ ಆ ಲೆಕ್ಕದ ಛಾಯೆ ಇಂದಿನ ಎಷ್ಟೋ ತಂತ್ರಾಂಶಗಳೊಳಗೆ ಈಗಲೂ ಇದೆ. ಅಮೆರಿಕದ ಪಾರ್ಸೆಲ್ ಸಾಗಣೆ ಕಂಪನಿ ಯುಪಿಎಸ್ 2013ರ ಸುಮಾರಿಗೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ ಓರಿಯಾನ್ ಎಂಬ ವ್ಯವಸ್ಥೆ, ಕಂಪನಿಯೇ ಹೇಳಿಕೊಂಡಿರುವಂತೆ, ವರ್ಷಕ್ಕೆ ಸುಮಾರು 10 ಕೋಟಿ ಮೈಲಿಗಳ ಓಟವನ್ನು ತಗ್ಗಿಸಿತು. ಇದು ಸಣ್ಣ ಸಾಧನೆಯಲ್ಲ. ಓಡದ ಮೈಲಿಯಷ್ಟು ಸ್ವಚ್ಛವಾದ ಮೈಲಿ ಮತ್ತೊಂದಿಲ್ಲ.

ಆದರೆ ತಂತ್ರಾಂಶ ತನಗೆ ಕೇಳಿದ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. ಒಂದೇ ಓಣಿಯ ನಾಲ್ಕು ಮನೆಯವರು ಒಂದೇ ದಿನ ಏನನ್ನೋ ತರಿಸಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬರು ಬೆಳಗ್ಗೆ ಎಂಟರಿಂದ ಒಂಬತ್ತರ ನಡುವೆ ಬರಲಿ ಎನ್ನುತ್ತಾರೆ, ಇನ್ನೊಬ್ಬರು ಮಧ್ಯಾಹ್ನ ಎನ್ನುತ್ತಾರೆ, ಮೂರನೆಯವರು ಸಂಜೆ, ನಾಲ್ಕನೆಯವರಿಗೆ ಈಗಿಂದೀಗಲೇ ಬೇಕು. ಈ ನಾಲ್ಕು ಮಾತುಗಳನ್ನು ಉಳಿಸಿಕೊಳ್ಳಬೇಕೆಂಬ ಕಟ್ಟಳೆಯೊಳಗೆ ತಂತ್ರಾಂಶ ಅತ್ಯುತ್ತಮ ಮಾರ್ಗವನ್ನೇ ಹುಡುಕಿಕೊಡುತ್ತದೆ, ಮತ್ತು ಆ ಅತ್ಯುತ್ತಮ ಮಾರ್ಗದಲ್ಲಿ ಒಂದೇ ಓಣಿಗೆ ನಾಲ್ಕು ಬಾರಿ ಗಾಡಿ ಬರುತ್ತದೆ. ಇಲ್ಲಿ ದೋಷ ಇರುವುದು ಮಾರ್ಗದ ಲೆಕ್ಕದಲ್ಲಿ ಅಲ್ಲ, ಅದಕ್ಕೂ ಮುಂಚೆ ಕೊಟ್ಟ ಭರವಸೆಯಲ್ಲಿ. ಭರವಸೆಯ ಅವಧಿ ಕಿರಿದಾದಷ್ಟೂ ಸರಕನ್ನು ಒಗ್ಗೂಡಿಸುವ ಅವಕಾಶ ಕಿರಿದಾಗುತ್ತದೆ, ಅರ್ಧ ತುಂಬಿದ ಗಾಡಿಗಳು ಬೀದಿಗಿಳಿಯುತ್ತವೆ. ಆರ್ಡರ್ ಮಾಡುವ ಪರದೆಯ ಮೇಲೆ “ನಿಮ್ಮ ಬೀದಿಗೆ ಗುರುವಾರ ನಮ್ಮ ಗಾಡಿ ಹೇಗಿದ್ದರೂ ಬರುತ್ತದೆ, ಅಂದೇ ತಂದುಕೊಡಲೇ?” ಎಂದು ಕೇಳಿ, ಆ ಆಯ್ಕೆಯನ್ನೇ ಮೊದಲು ತೋರಿಸುವುದು ತಾಂತ್ರಿಕವಾಗಿ ಬಹಳ ಚಿಕ್ಕ ಕೆಲಸ. ಮಾರ್ಗ ಯೋಜನೆಯ ತಂತ್ರಾಂಶಕ್ಕೆ ವರ್ಷಗಟ್ಟಲೆ ದುಡಿದು ಗಳಿಸುವ ಉಳಿತಾಯಕ್ಕಿಂತ ಈ ಒಂದು ಪ್ರಶ್ನೆ ಹೆಚ್ಚು ಉಳಿಸಬಲ್ಲ ಸಂದರ್ಭಗಳಿವೆ ಎಂದು ನಾನು ನಂಬುತ್ತೇನೆ.

ಒಗ್ಗೂಡಿಸುವುದರ ಇನ್ನೊಂದು ಮುಖ ಕಂಪನಿಗಳ ನಡುವಿನದು. ಒಂದೇ ಬೀದಿಗೆ ನಾಲ್ಕು ಕಂಪನಿಗಳ ನಾಲ್ಕು ವ್ಯಾನುಗಳು, ಪ್ರತಿಯೊಂದೂ ಅರೆ ಖಾಲಿ. ಊರಂಚಿನ ಒಂದು ಗೋದಾಮಿಗೆ ಎಲ್ಲರ ಸರಕೂ ಬಂದು, ಅಲ್ಲಿಂದ ಒಂದೇ ಗಾಡಿ ಆ ಬೀದಿಗೆ ಹೋಗಲಿ ಎಂಬ ಆಲೋಚನೆ ಯುರೋಪಿನ ಹಲವು ನಗರಗಳಲ್ಲಿ ದಶಕಗಳಿಂದ ಪರೀಕ್ಷೆಗೆ ಒಳಗಾಗಿದೆ. ಅವುಗಳಲ್ಲಿ ಅನೇಕವು ಸರ್ಕಾರದ ಧನಸಹಾಯ ನಿಂತೊಡನೆ ಮುಚ್ಚಿಹೋದವು. ಹೆಚ್ಚುವರಿಯಾಗಿ ಒಮ್ಮೆ ಇಳಿಸಿ ಏರಿಸುವ ಕೆಲಸದ ಖರ್ಚನ್ನು ಯಾರು ಹೊರಬೇಕೆಂಬುದು ಒಂದು ಕಾರಣವಾದರೆ, ತನ್ನ ಗ್ರಾಹಕರು ಯಾರೆಂದು ಪ್ರತಿಸ್ಪರ್ಧಿಗೆ ಗೊತ್ತಾಗುತ್ತದೆ ಎಂಬ ಅಂಜಿಕೆ ಇನ್ನೊಂದು. ಎರಡನೆಯದಕ್ಕೆ ಡಿಜಿಟಲ್ ಸಾಧನದಲ್ಲಿ ಮದ್ದಿದೆ. ಗ್ರಾಹಕರ ಹೆಸರು, ಬೆಲೆ, ಒಪ್ಪಂದ ಯಾವುದನ್ನೂ ಬಿಟ್ಟುಕೊಡದೆ, ಯಾವ ಬಡಾವಣೆಗೆ ಎಷ್ಟು ತೂಕ, ಎಷ್ಟು ಗಾತ್ರದ ಸರಕು ಯಾವ ಹೊತ್ತಿಗೆ ಹೋಗಬೇಕು ಎಂಬಷ್ಟನ್ನೇ ಒಬ್ಬ ತಟಸ್ಥ ನಿರ್ವಾಹಕನಿಗೆ ಒಪ್ಪಿಸುವಂತೆ ವ್ಯವಸ್ಥೆ ಮಾಡಬಹುದು. ಲಾರಿಯವರು ರಿಟರ್ನ್ ಲೋಡ್ ಎಂದು ಕರೆಯುವ ಮರಳಿ ಬರುವಾಗಿನ ಸರಕನ್ನು ಹುಡುಕಿಕೊಡುವ ಆ್ಯಪ್‌ಗಳೂ ಇದೇ ತತ್ತ್ವದ ಮೇಲೆ ನಡೆಯುತ್ತವೆ. ಮೊದಲನೆಯ ಕಾರಣಕ್ಕೆ, ಅಂದರೆ ಖರ್ಚಿಗೆ, ತಂತ್ರಾಂಶದಲ್ಲಿ ಮದ್ದಿಲ್ಲ. ಅದು ನಿಯಮದಿಂದಲೇ ಬರಬೇಕು. ನೆದರ್ಲೆಂಡ್ಸ್‌ನಲ್ಲಿ 2025ರ ಜನವರಿ 1ರಿಂದ ಹತ್ತಕ್ಕೂ ಹೆಚ್ಚು ನಗರಗಳು ತಮ್ಮ ಒಳಭಾಗವನ್ನು ಸರಕು ವಾಹನಗಳ ಪಾಲಿಗೆ ಶೂನ್ಯ ಹೊಗೆಯ ವಲಯವೆಂದು ಘೋಷಿಸಿ, ಹಳೆಯ ಗಾಡಿಗಳಿಗೆ ಹಂತಹಂತದ ವಿನಾಯಿತಿಗಳನ್ನಿಟ್ಟು ಜಾರಿಗೆ ತರತೊಡಗಿವೆ. ಇಂಥ ಗೆರೆ ಬಿದ್ದ ಮೇಲೆ, ಊರಂಚಿನಲ್ಲಿ ಸರಕನ್ನು ಇಳಿಸಿ ವಿದ್ಯುತ್ ವ್ಯಾನಿಗೋ ಸರಕು ಸೈಕಲ್ಲಿಗೋ ಏರಿಸುವ ಲೆಕ್ಕ ಕಂಪನಿಗೂ ಹೊಂದತೊಡಗುತ್ತದೆ.

ಈಗ ಮತ್ತೆ ಆ ರಸ್ತೆಯಂಚಿಗೆ ಬರುತ್ತೇನೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ಅರ್ಬನ್ ಫ್ರೈಟ್ ಲ್ಯಾಬ್ ಎಂಬ ಸಂಶೋಧನಾ ಕೇಂದ್ರದವರು “ಕೊನೆಯ ಐವತ್ತು ಅಡಿ” ಎಂಬ ಮಾತನ್ನು ಬಳಸುತ್ತಾರೆ: ಗಾಡಿ ನಿಂತ ಜಾಗದಿಂದ ಪಾರ್ಸೆಲ್ ಪಡೆಯುವವರ ಕೈವರೆಗಿನ ದೂರ. ಅವರ 2020ರ ಅಧ್ಯಯನವೊಂದರಲ್ಲಿ, ಸರಕು ವಾಹನಗಳು ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಹೋಗುವ ಪ್ರಯಾಣದ ಸಮಯದಲ್ಲಿ ಸರಾಸರಿ ಶೇ 28ರಷ್ಟು ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಕಳೆಯುತ್ತಿದ್ದವು ಎಂದು ಕಂಡುಬಂತು. ಕಾಲುಭಾಗಕ್ಕಿಂತ ಹೆಚ್ಚು. ಈ ಸಮಯ ಕಂಪನಿಯ ಮಾರ್ಗ ನಕ್ಷೆಯಲ್ಲಿ ಎಲ್ಲಿಯೂ ಇರುವುದಿಲ್ಲ. ನಗರಾಡಳಿತದ ಸಂಚಾರ ಎಣಿಕೆಯಲ್ಲಿ ಆ ವ್ಯಾನು ಎರಡು ಬಾರಿ ಹಾದುಹೋದ ಎರಡು ಬೇರೆ ವಾಹನಗಳಂತೆ ದಾಖಲಾಗಿರುತ್ತದೆ.

ಇದಕ್ಕೆ ಬಾರ್ಸಿಲೋನಾ ಕಂಡುಕೊಂಡ ಉತ್ತರ ಸರಳವಾದದ್ದು. ಅಲ್ಲಿ ಲೋಡಿಂಗ್ ಅನ್‌ಲೋಡಿಂಗ್‌ಗೆಂದು ಗುರುತು ಹಾಕಿದ ಜಾಗಗಳಲ್ಲಿ ಗಾಡಿ ನಿಲ್ಲಿಸಿದ ಚಾಲಕ ಫೋನಿನಲ್ಲಿ ತನ್ನ ವಾಹನವನ್ನು ನಮೂದಿಸಬೇಕು, ಸಾಮಾನ್ಯವಾಗಿ 30 ನಿಮಿಷದೊಳಗೆ ಜಾಗ ಬಿಡಬೇಕು. ನಿಯಮ ಒಂದು ವಾಕ್ಯದಷ್ಟು ಉದ್ದ. ಆದರೆ ಆ ನಮೂದುಗಳು ದಿನದಿನವೂ ಕೂಡುತ್ತಾ ಹೋದಂತೆ, ಯಾವ ಬೀದಿಯಲ್ಲಿ ಯಾವ ಹೊತ್ತಿಗೆ ಒತ್ತಡವಿದೆ, ಎಲ್ಲಿ ಜಾಗ ಸಾಲದು, ಎಲ್ಲಿ ಗೆರೆ ಬಳಿದ ಜಾಗ ಸುಮ್ಮನೆ ಖಾಲಿ ಬಿದ್ದಿದೆ ಎಂಬುದು ಆಡಳಿತಕ್ಕೆ ತಾನಾಗಿಯೇ ಗೊತ್ತಾಗತೊಡಗುತ್ತದೆ. ಬೆಳಗ್ಗೆ ಆರರಿಂದ ಹತ್ತರವರೆಗೆ ಸರಕಿಗೆ, ಹಗಲು ಬಸ್ಸಿಗೆ, ರಾತ್ರಿ ನಿವಾಸಿಗಳ ಕಾರಿಗೆ ಎಂದು ಒಂದೇ ಜಾಗವನ್ನು ಹೊತ್ತಿಗೆ ತಕ್ಕಂತೆ ಹಂಚಲು ಬೇಕಾಗುವ ತಿಳಿವಳಿಕೆ ಇದೇ. ರಸ್ತೆಯಂಚಿನ ನಿಯಮಗಳನ್ನು ಯಂತ್ರ ಓದಬಲ್ಲ ರೂಪದಲ್ಲಿ ಬರೆಯುವ ಮುಕ್ತ ಮಾನದಂಡವೊಂದನ್ನು, 2019ರಲ್ಲಿ ಸ್ಥಾಪನೆಯಾದ ಓಪನ್ ಮೊಬಿಲಿಟಿ ಫೌಂಡೇಶನ್ ಎಂಬ ಸಂಸ್ಥೆ ನಿರ್ವಹಿಸುತ್ತಿದೆ. ಕಂಬಕ್ಕೆ ಹೊಡೆದ ತಗಡಿನ ಮೇಲೆ ಬರೆದದ್ದು ಮಾರ್ಗ ಯೋಜಿಸುವ ತಂತ್ರಾಂಶಕ್ಕೂ ಓದಲು ಸಿಕ್ಕರೆ, ನಿಲ್ಲಲು ಜಾಗವಿರುವ ಹೊತ್ತಿಗೇ ಗಾಡಿ ಆ ಬೀದಿಗೆ ಬರುವಂತೆ ಲೆಕ್ಕ ಹಾಕಬಹುದು.

ಕೊನೆಯ ಐವತ್ತು ಅಡಿಯಲ್ಲಿ ಇನ್ನೊಂದು ತೊಡಕಿದೆ. ಬಾಗಿಲು ತಟ್ಟಿದರೆ ಒಳಗೆ ಯಾರೂ ಇಲ್ಲ. ಆ ಪಾರ್ಸೆಲ್ ಗೋದಾಮಿಗೆ ಮರಳಿ, ಮರುದಿನ ಮತ್ತೆ ಅದೇ ದಾರಿ ಸವೆಸಬೇಕು. ಪೋಲೆಂಡ್‌ನಲ್ಲಿ ಬೀದಿ ಬೀದಿಗಳಲ್ಲಿ ಕಾಣುವ ಪಾರ್ಸೆಲ್ ಪೆಟ್ಟಿಗೆಗಳು, ಅಂದರೆ ಫೋನಿಗೆ ಬಂದ ಸಂಕೇತ ಒತ್ತಿದರೆ ತೆರೆಯುವ ಖಾನೆಗಳ ಸಾಲು, ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿವೆ. ಒಂದೇ ನಿಲುಗಡೆಯಲ್ಲಿ ಹತ್ತಾರು ಪಾರ್ಸೆಲ್‌ಗಳು ಇಳಿದುಬಿಡುತ್ತವೆ. ಆದರೆ ಪೆಟ್ಟಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು. ಅದನ್ನು ತರಲು ಜನ ಕಾರು ಹತ್ತಿದರೆ ವ್ಯಾನು ಉಳಿಸಿದ ಇಂಧನವನ್ನು ಆ ಕಾರುಗಳು ಸುಟ್ಟುಹಾಕುತ್ತವೆ.

ಹೊಗೆಯನ್ನು ಅಳೆಯುವ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಇಲ್ಲಿ ಲೆಕ್ಕದ ಸಣ್ಣ ಆಯ್ಕೆಗಳು ದೊಡ್ಡ ಸುಳ್ಳುಗಳಾಗಬಹುದು. ಸಾಗಣೆಯ ದಕ್ಷತೆಯನ್ನು ಸಾಮಾನ್ಯವಾಗಿ ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ಹೊರಬಿದ್ದ ಹಸಿರುಮನೆ ಅನಿಲ ಎಂದು ಅಳೆಯುತ್ತಾರೆ. ಈ ಅಳತೆಯಲ್ಲಿ ಒಂದು ಬಲೆಯಿದೆ. ಗಾಡಿ ಸುತ್ತುಬಳಸು ದಾರಿಯಲ್ಲಿ ಹೋದರೆ ಹೊಗೆ ಹೆಚ್ಚುತ್ತದೆ, ಜೊತೆಗೆ ಕಿಲೋಮೀಟರ್‌ಗಳೂ ಹೆಚ್ಚುತ್ತವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ ಅಂಕಿ ಮಾತ್ರ ಹಾಗೆಯೇ ಉಳಿಯುತ್ತದೆ. ವ್ಯರ್ಥವಾಗಿ ಸುತ್ತಿದ್ದು ವರದಿಯಲ್ಲಿ ಕಾಣುವುದೇ ಇಲ್ಲ. 2023ರಲ್ಲಿ ಪ್ರಕಟವಾದ ಐಎಸ್ಒ 14083 ಎಂಬ ಅಂತರರಾಷ್ಟ್ರೀಯ ಮಾನದಂಡ ಈ ಬಲೆಯನ್ನು ಗುರುತಿಸಿದೆ. ಅದರ ಪ್ರಕಾರ, ಭಾಗಿಸಲು ಬಳಸುವ ದೂರವು ಗಾಡಿ ನಿಜವಾಗಿ ಓಡಿದ್ದಾಗಿರಬಾರದು. ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ಸಾಧ್ಯ ಮಾರ್ಗ ಅಥವಾ ಭೂಮಿಯ ಮೇಲಿನ ನೇರ ದೂರವಾಗಿರಬೇಕು. ಆಗ ಪ್ರತಿಯೊಂದು ಅನಗತ್ಯ ಸುತ್ತೂ ಅಂಕಿಯನ್ನು ಕೆಡಿಸುತ್ತದೆ, ಕೆಡಿಸಬೇಕು ಕೂಡ. ಖಾಲಿ ಮರಳುವ ಓಟವನ್ನು ಸೇರಿಸಬೇಕು, ಇಂಧನ ಅಥವಾ ವಿದ್ಯುತ್ತು ತಯಾರಾಗುವಾಗಿನ ಹೊಗೆಯನ್ನೂ ಸೇರಿಸಬೇಕು ಎಂದೂ ಅದು ಹೇಳುತ್ತದೆ. ಸೇವೆ ಕೊಂಡುಕೊಳ್ಳುವ ಸಂಸ್ಥೆಗಳು ಸರಾಸರಿ ಅಂದಾಜುಗಳನ್ನು ಒಪ್ಪದೆ, ಗಾಡಿಯ ಇಂಧನ ದಾಖಲೆಯಿಂದಲೇ ಬಂದ ಅಂಕಿಗಳನ್ನು ಈ ರೀತಿಯಲ್ಲಿ ಕೇಳಿದರೆ ಅದೊಂದು ದೊಡ್ಡ ಹೆಜ್ಜೆ.

ಜನರ ಸಂಚಾರದಲ್ಲಿ ಡಿಜಿಟಲ್ ಸಾಧನಗಳು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಯಾವುದೆಂದು ಕೇಳಿದರೆ, ನಾನು ಒಂದು ಸಾದಾ ಕಡತ ಮಾದರಿಯ ಹೆಸರು ಹೇಳುತ್ತೇನೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್, ಗೂಗಲ್ ಜೊತೆ ಸೇರಿ ತನ್ನ ಬಸ್ಸುಗಳ ವೇಳಾಪಟ್ಟಿಯನ್ನು ಎಲ್ಲರೂ ಬಳಸಬಹುದಾದ ರೂಪದಲ್ಲಿ ಬರೆದಿಟ್ಟಿತು. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ: ಯಾವ ನಿಲ್ದಾಣ, ಯಾವ ಟ್ರಿಪ್, ಎಷ್ಟು ಗಂಟೆಗೆ. ಜಿಟಿಎಫ್ಎಸ್ ಎಂದು ಹೆಸರಾದ ಆ ಮಾದರಿಯನ್ನು ಇಂದು ಜಗತ್ತಿನ ಸಾವಿರಾರು ಸಾರಿಗೆ ಸಂಸ್ಥೆಗಳು ಬಳಸುತ್ತವೆ. ಹೊಸ ಊರಿಗೆ ಹೋದವರು ಫೋನು ತೆರೆದು ಬಸ್ಸು ಹಿಡಿಯಬಲ್ಲರೆಂದರೆ ಅದರ ಹಿಂದೆ ಇರುವುದು ಈ ಪಠ್ಯವೇ. ಅದಕ್ಕೆ ಹೋಲಿಸಿದರೆ, ಎಲ್ಲ ಸಾರಿಗೆಯನ್ನೂ ಒಂದೇ ಚಂದಾದಲ್ಲಿ ಕಟ್ಟಿಕೊಡುವುದಾಗಿ ಹೆಲ್ಸಿಂಕಿಯಲ್ಲಿ ಆರಂಭವಾಗಿ ಲೋಕದ ಗಮನ ಸೆಳೆದ ವಿಮ್ ಎಂಬ ಸೇವೆಯ ಕಂಪನಿ 2024ರಲ್ಲಿ ದಿವಾಳಿಯಾಯಿತು. ಬಸ್ಸು ಹೊತ್ತಿಗೆ ಸರಿಯಾಗಿ ಬರುವಂತಿದ್ದರೆ ಮಾಹಿತಿ ಜನರನ್ನು ಬಸ್ಸಿನ ಕಡೆ ತಿರುಗಿಸುತ್ತದೆ. ಬಾರದ ಬಸ್ಸಿನ ಮಾಹಿತಿಯನ್ನು ಎಷ್ಟು ಅಂದವಾಗಿ ತೋರಿಸಿದರೂ ಕಾಯುವವರ ಕಷ್ಟ ತಪ್ಪುವುದಿಲ್ಲ.

ದಾರಿ ತೋರಿಸುವ ಆ್ಯಪ್‌ಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪ್ರತಿಯೊಬ್ಬ ಚಾಲಕನಿಗೂ ಅವನ ಪಾಲಿಗೆ ಬೇಗನೆಯ ದಾರಿ ತೋರಿಸಿದರೆ ಊರಿಗೇ ಒಳ್ಳೆಯದಾಗುತ್ತದೆ ಎಂಬುದು ಸಹಜವಾದ ನಿರೀಕ್ಷೆ. ಹಾಗಾಗಲೇಬೇಕೆಂದಿಲ್ಲ ಎಂಬುದನ್ನು ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರೆಸ್ 1968ರಲ್ಲೇ ತೋರಿಸಿದ್ದರು: ಎಲ್ಲರೂ ತಮ್ಮ ತಮ್ಮ ಸಮಯವನ್ನಷ್ಟೇ ಉಳಿಸಲು ಹೊರಟಾಗ, ಹೊಸದೊಂದು ರಸ್ತೆ ಸೇರಿಸಿದರೂ ಎಲ್ಲರ ಪ್ರಯಾಣವೂ ತಡವಾಗುವ ಸಂದರ್ಭಗಳಿವೆ. ಹೆದ್ದಾರಿ ತುಂಬಿದಾಗ ಆ್ಯಪ್ ಗಾಡಿಗಳನ್ನು ಒಳಬೀದಿಗಳಿಗೆ ನುಗ್ಗಿಸುತ್ತದೆ. ಅಮೆರಿಕದ ನ್ಯೂಜೆರ್ಸಿಯ ಲಿಯೋನಿಯಾ ಎಂಬ ಸಣ್ಣ ಊರು ಈ ನುಗ್ಗಾಟ ತಡೆಯಲಾರದೆ 2018ರ ಜನವರಿಯಲ್ಲಿ ದಟ್ಟಣೆಯ ಹೊತ್ತಿನಲ್ಲಿ ತನ್ನ ಹತ್ತಾರು ಒಳಬೀದಿಗಳನ್ನು ಹೊರಗಿನ ವಾಹನಗಳಿಗೆ ಮುಚ್ಚಿತು.

ಇದಕ್ಕೆ ಪ್ರತಿಯಾಗಿ, ಸಾಧನ ಮತ್ತು ನಿಯಮ ಕೈಜೋಡಿಸಿದಾಗ ಏನಾಗುತ್ತದೆ ಎಂಬುದಕ್ಕೆ ಸ್ಟಾಕ್‌ಹೋಮ್ ನನಗೆ ಬಹಳ ಪ್ರಿಯವಾದ ಉದಾಹರಣೆ. ದಟ್ಟಣೆಗೆ ಶುಲ್ಕ ವಿಧಿಸುವುದು ಹೊಸ ಆಲೋಚನೆಯಾಗಿರಲಿಲ್ಲ. ಸಿಂಗಪುರ 1975ರಲ್ಲೇ ಕಾಗದದ ಪರವಾನಗಿಯಿಂದ ಅದನ್ನು ಆರಂಭಿಸಿ 1998ರಲ್ಲಿ ವಿದ್ಯುನ್ಮಾನ ವ್ಯವಸ್ಥೆಗೆ ಬದಲಾಯಿಸಿತ್ತು. ಸ್ಟಾಕ್‌ಹೋಮ್ 2006ರ ಜನವರಿಯಿಂದ ಏಳು ತಿಂಗಳ ಕಾಲ ಪ್ರಯೋಗವೆಂದು ನಡೆಸಿತು. ನಗರದ ಒಳಭಾಗಕ್ಕೆ ಹೋಗುವ ದಾರಿಗಳಲ್ಲೆಲ್ಲ ಕ್ಯಾಮೆರಾಗಳು ನಂಬರ್ ಪ್ಲೇಟ್ ಓದುತ್ತಿದ್ದವು, ಹೊತ್ತಿಗೆ ತಕ್ಕಂತೆ ಶುಲ್ಕ ಬೇರೆಯಾಗುತ್ತಿತ್ತು. ಶುಲ್ಕ ವಲಯದ ಗಡಿ ದಾಟುವ ಸಂಚಾರ ಸುಮಾರು ಶೇ 20ರಷ್ಟು ಇಳಿಯಿತು. ಪ್ರಯೋಗ ಮುಗಿದು ಕ್ಯಾಮೆರಾಗಳು ನಿಂತಾಗ ಸಂಚಾರ ಮತ್ತೆ ಏರಿತು, ಮತ್ತು ಜನ ಎರಡೂ ಸ್ಥಿತಿಯನ್ನು ತಮ್ಮ ಕಣ್ಣಿಂದಲೇ ನೋಡಿದರು. ಆರಂಭದಲ್ಲಿ ಬಹುಪಾಲು ಜನ ವಿರೋಧಿಸಿದ್ದ ಯೋಜನೆಗೆ ಅದೇ ಸೆಪ್ಟೆಂಬರ್‌ನ ಜನಮತ ಗಣನೆಯಲ್ಲಿ ನಗರದ ಮತದಾರರು ಬಹುಮತ ಕೊಟ್ಟರು; 2007ರ ಆಗಸ್ಟ್‌ನಿಂದ ಅದು ಶಾಶ್ವತವಾಯಿತು. ಅಲ್ಲಿ ಬಳಸಿದ್ದು ಅಸಾಮಾನ್ಯ ತಂತ್ರಜ್ಞಾನವೇನಲ್ಲ. ಆಡಳಿತಕ್ಕೆ ಏನು ಬೇಕೆಂಬುದು ಸ್ಪಷ್ಟವಿತ್ತು, ಅಳತೆ ಮೊದಲೇ ನಿಗದಿಯಾಗಿತ್ತು, ಹಿಂದೆಗೆಯುವ ದಾರಿ ತೆರೆದಿತ್ತು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕಲ್ಲಿದ್ದಲನ್ನು ಮಿತವಾಗಿ ಬಳಸುವ ಯಂತ್ರಗಳು ಬಂದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ಎಚ್ಚರಿಸಿದ್ದರು. ಡೆಲಿವರಿ ಅಗ್ಗವೂ ಸಲೀಸೂ ಆದಷ್ಟು ನಾವು ಚಿಕ್ಕ ಚಿಕ್ಕ ವಸ್ತುಗಳನ್ನು ಬಿಡಿ ಬಿಡಿಯಾಗಿ ತರಿಸಿಕೊಳ್ಳುತ್ತೇವೆ. ಸಿಗ್ನಲ್‌ಗಳನ್ನು ಹೊಂದಿಸಿ ತೆರವು ಮಾಡಿದ ರಸ್ತೆಗೆ ಹೊಸ ಗಾಡಿಗಳು ಬಂದು ತುಂಬಿಕೊಳ್ಳುತ್ತವೆ. ಸಾಧನ ಉಳಿಸಿಕೊಟ್ಟ ಜಾಗವನ್ನು ಯಾರಿಗೆ ಕೊಡಬೇಕು, ಬಸ್ಸಿಗೋ, ಸೈಕಲ್ಲಿಗೋ, ನಡೆಯುವವರಿಗೋ ಎಂದು ಮೊದಲೇ ತೀರ್ಮಾನಿಸಿ ರಸ್ತೆಯ ಮೇಲೆ ಗೆರೆ ಎಳೆಯದಿದ್ದರೆ, ಗಳಿಸಿದ ದಕ್ಷತೆಯನ್ನು ಹೊಸ ದಟ್ಟಣೆ ನುಂಗಿಬಿಡುತ್ತದೆ.

ಇನ್ನು ಮಾಹಿತಿಯನ್ನು ಸಂಗ್ರಹಿಸುವವರ ಹೊಣೆ. 15 ಲಕ್ಷ ಮೊಬೈಲ್ ಬಳಕೆದಾರರ ಓಡಾಟವನ್ನು ಪರಿಶೀಲಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹೆಸರನ್ನು ತೆಗೆದುಹಾಕಿದ್ದರೂ, ಒಬ್ಬ ವ್ಯಕ್ತಿ ಯಾವ ಹೊತ್ತಿಗೆ ಎಲ್ಲಿದ್ದನೆಂಬ ನಾಲ್ಕು ಬಿಂದುಗಳು ಸಾಕು, ಶೇ 95ರಷ್ಟು ಜನರನ್ನು ಆ ರಾಶಿಯಿಂದ ಬೇರ್ಪಡಿಸಿ ಗುರುತಿಸಬಹುದು ಎಂದು ಅದು ತೋರಿಸಿತು. ಆದ್ದರಿಂದ ಹೆಸರಿಲ್ಲದ ಮಾಹಿತಿ ಸುರಕ್ಷಿತ ಎಂಬ ಸಮಾಧಾನವನ್ನು ನಾವು ಬಿಡಬೇಕು. ರಸ್ತೆಯಂಚನ್ನು ನಿರ್ವಹಿಸಲು ಬೇಕಾದದ್ದು ಆ ಜಾಗ ಎಷ್ಟು ಹೊತ್ತು ತುಂಬಿತ್ತೆಂಬುದು. ಚಾಲಕ ಅಲ್ಲಿಂದ ಎಲ್ಲಿಗೆ ಹೋದನೆಂಬುದು ಬೇಕಿಲ್ಲ. ಬೇಕಿಲ್ಲದ್ದನ್ನು ಸಂಗ್ರಹಿಸಲೇಬಾರದು. ಚಾಲಕನ ಮಾತು ಬಂದಾಗ ಇನ್ನೊಂದನ್ನೂ ನೆನೆಯಬೇಕು. ನಿಮಿಷ ನಿಮಿಷವನ್ನೂ ಅಳೆಯುವ ತಂತ್ರಾಂಶಕ್ಕೆ ಮೆಟ್ಟಿಲು ಹತ್ತಿದ ಆಯಾಸ, ನೀರು ಕುಡಿಯಲು ನಿಂತ ಎರಡು ನಿಮಿಷ ಎಲ್ಲವೂ ವಿಳಂಬವೆಂದೇ ಕಾಣುತ್ತವೆ. ದುಡಿಯುವವನ ದೇಹವನ್ನು ಹಿಂಡಿ ಉಳಿಸಿದ ಸಮಯವನ್ನು ಸುಸ್ಥಿರತೆ ಎಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ.

ದೊಡ್ಡ ಬಜೆಟ್ ಇಲ್ಲದ ನಗರಾಡಳಿತಗಳು ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆ ಇಂಥ ಸಭೆಗಳಲ್ಲಿ ಸಹಜವಾಗಿಯೇ ಏಳುತ್ತದೆ. ಇಡೀ ನಗರದ ಡಿಜಿಟಲ್ ಪ್ರತಿರೂಪ, ಅಂದರೆ ಊರನ್ನೇ ಕಂಪ್ಯೂಟರಿನಲ್ಲಿ ಅನುಕರಿಸುವ ಮಾದರಿ, ಕಟ್ಟುವ ಯೋಜನೆಗೆ ಸಹಿ ಹಾಕುವ ಮುಂಚೆ, ಸರಕು ಹೆಚ್ಚು ಇಳಿಯುವ ಒಂದೇ ಒಂದು ಬೀದಿಯನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಒಂದು ವಾರ, ಬೆಳಗಿನಿಂದ ಸಂಜೆಯವರೆಗೆ, ಇಬ್ಬರು ಅಲ್ಲಿ ನಿಂತು ಬರೆದುಕೊಳ್ಳಲಿ. ಫೋನಿನ ಫಾರಂ ಆದರೂ ಸರಿ, ಹಾಳೆ ಪೆನ್ಸಿಲ್ ಆದರೂ ಸರಿ. ಬಂದ ಗಾಡಿ ಯಾವ ಬಗೆಯದು, ಎಷ್ಟು ಗಂಟೆಗೆ ಬಂತು, ಎಲ್ಲಿ ನಿಂತಿತು, ಏನನ್ನು ಇಳಿಸಿತು, ಎಷ್ಟು ಗಂಟೆಗೆ ಹೊರಟಿತು. ಕಂಪನಿಗಳ ಮಾಹಿತಿಗೆ ಕಾಯಬೇಕಿಲ್ಲ, ಅನುಮತಿ ಕೇಳಬೇಕಿಲ್ಲ, ಬೀದಿ ಊರಿನದೇ. ಆ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಎಷ್ಟು ಜಾಗಕ್ಕೆ ಗುರುತು ಹಾಕಬೇಕು, ಎಷ್ಟು ನಿಮಿಷದ ಮಿತಿ ಇಡಬೇಕು, ಅದನ್ನು ನಡೆಸಲು ಯಾವ ಆ್ಯಪ್ ಸಾಕು ಎಂಬುದು ತಿಳಿಯುತ್ತದೆ. ಒಂದು ಕಾಲಂ ಮಾತ್ರ ಮರೆಯದೆ ಸೇರಿಸಿ: ಜಾಗ ಸಿಗದೆ ಮುಂದೆ ಹೋದ ಗಾಡಿ ಎಷ್ಟು ನಿಮಿಷ ಬಿಟ್ಟು ಮತ್ತೆ ಅದೇ ಬೀದಿಗೆ ಬಂತು?